ಅವರೆಗೆ ಕರಿಹೇನು: ಬೇವಿನ ಕಷಾಯ ಎಲ್ಲಿ ಸೋಲುತ್ತದೆ

ಅವರೆ ಗಿಡಕ್ಕೆ ಇರುವೆ ಸಾಲುಗಟ್ಟಿ ಹತ್ತುತ್ತಿದ್ದರೆ ಕುಡಿ ಬಗ್ಗಿಸಿ ನೋಡಿ. ಕುಡಿ, ಹೂಗೊನೆ, ಎಳೆಕಾಯಿ, ಕರಿಹೇನು ಮುತ್ತುವುದು ಇಲ್ಲೇ. ಬಲಿತವು ಹೊಳೆಯುವ ಕಪ್ಪು, ಮರಿಗಳು ಮಂಕು ಬೂದು. ಏಫಿಸ್ ಕ್ರಾಸಿವೋರಾ ಎಂಬ ಈ ಹೇನು ಅಲಸಂದೆ, ಶೇಂಗಾಕ್ಕೂ ಬರುತ್ತದೆ. ಹೆಣ್ಣು ಗಂಡಿಲ್ಲದೆಯೇ ಮರಿ ಹಾಕುತ್ತದೆ, ಆ ಮರಿ ಸುಮಾರು ವಾರದಲ್ಲಿ ತಾನೂ ಮರಿ ಹಾಕಲು ಶುರು. ಒಣಹವೆಯಲ್ಲಿ, ಯೂರಿಯಾ ಜಾಸ್ತಿಯಾಗಿ ಸೊಕ್ಕಿದ ಗಿಡದಲ್ಲಿ ಇನ್ನೂ ಬೇಗ. ಜೋರು ಮಳೆ ಬಂದರೆ ಹೇನನ್ನು ತೊಳೆದು ನಮ್ಮ ಅರ್ಧ ಕೆಲಸ ಅದೇ ಮಾಡುತ್ತದೆ.

ಅಲ್ಲೊಂದು ಇಲ್ಲೊಂದು ಕುಡಿಗೆ ಹತ್ತಿದ್ದರೆ ಚಿವುಟಿ ಸೋಪಿನ ನೀರಿಗೆ ಹಾಕಿ, ಸಾಕು. ಹೇನಿನ ನಡುವೆ ಓಡಾಡುವ, ಮೈಮೇಲೆ ಮಚ್ಚೆಯಿರುವ ಉದ್ದನೆಯ ಕಪ್ಪು ಹುಳುವನ್ನು ಮಾತ್ರ ಹೊಸಕಬೇಡಿ. ಅದು ಗುಲಗಂಜಿ ಹುಳುವಿನ ಮರಿ, ಹೇನೇ ಅದರ ಊಟ. ಇರುವೆಗಳು ಹೇನು ಸುರಿಸುವ ಸಿಹಿ ಅಂಟಿನ ಆಸೆಗೆ ಈ ಗುಲಗಂಜಿ ಮರಿಗಳನ್ನು ಓಡಿಸುತ್ತವೆ, ಹಾಗಾಗಿ ಬುಡದ ಇರುವೆ ಗೂಡನ್ನೂ ಕೆದಕಿ ಕೆಡಿಸಿ.

ಹೊಲಕ್ಕೆಲ್ಲ ಹಬ್ಬಿದರೆ ಶೇ. 5ರ ಬೇವಿನ ಬೀಜದ ಕಷಾಯ. 16 ಲೀಟರ್ ಟ್ಯಾಂಕಿಗೆ 800 ಗ್ರಾಂ ಬೀಜದ ತಿರುಳು ಬೇಕು. ತರಿತರಿಯಾಗಿ ಕುಟ್ಟಿ, ಬಟ್ಟೆಯಲ್ಲಿ ಕಟ್ಟಿ, ಬೆಳಗಿನ ಜಾವ 3 ಲೀಟರ್ ನೀರಲ್ಲಿ ನೆನೆಹಾಕಿ. ಸಂಜೆ ಹಾಲಿನ ಬಣ್ಣ ಬಿಡುವುದು ನಿಲ್ಲುವ ತನಕ ಹಿಂಡಿ. ಎರಡು ಪದರ ಬಟ್ಟೆಯಲ್ಲಿ ಸೋಸದಿದ್ದರೆ ನಾಝಲ್ ಕಟ್ಟಿಕೊಳ್ಳುವುದು ಖಂಡಿತ. ಬೇರೆ ಪಾತ್ರೆಯಲ್ಲಿ ಕರಗಿಸಿದ 30 ಗ್ರಾಂ ಸೋಪು ಸೇರಿಸಿ, ನೀರು ತುಂಬಿಸಿ, ಆವತ್ತೇ ಮುಗಿಸಿ.

ಬೂಷ್ಟು ಹಿಡಿದ ಹಳೇ ಬೀಜದಲ್ಲಿ ಸತ್ವ ಇರುವುದಿಲ್ಲ. ಉರಿಬಿಸಿಲಿಗೆ ಹೊಡೆದರೆ ಇದ್ದ ಸತ್ವವೂ ಹಾಳು. ಎಲೆಯ ಮೇಲ್ಭಾಗಕ್ಕಷ್ಟೇ ಹೊಡೆದರೆ ಎಲೆಯಡಿಯ ಹೇನು ಒದ್ದೆಯೇ ಆಗುವುದಿಲ್ಲ, ನಾಝಲ್ ಕೆಳಗಿಂದ ಮೇಲಕ್ಕೆ ತಿರುಗಲಿ. ಮರುದಿನವೂ ಹೇನು ಕಂಡಿತೆಂದು ವಿಷ ತರಲು ಓಡುವುದು ದೊಡ್ಡ ತಪ್ಪು. ಬೇವು ತಕ್ಷಣ ಕೊಲ್ಲುವುದಿಲ್ಲ, ಹೇನಿನ ಊಟ ಕೆಡಿಸುತ್ತದೆ, ಮರಿ ಪೊರೆ ಬಿಡದಂತೆ ಮಾಡುತ್ತದೆ. ವಾರ ಕಳೆದು ಹೊಸ ಕುಡಿ ನೋಡಿ, ಬೇಕಿದ್ದರೆ ಇನ್ನೊಮ್ಮೆ ಹೊಡೆಯಿರಿ.

ಅಲಸಂದೆಯಲ್ಲಿ ಮೊಸಾಯಿಕ್ ನಂಜುರೋಗ (ಎಲೆಯಲ್ಲಿ ತಿಳಿ-ಕಡು ಹಸಿರು ತೇಪೆ ಮೂಡಿಸುವ ವೈರಸ್ ರೋಗ) ಇದ್ದರೆ ಲೆಕ್ಕವೇ ಬೇರೆ. ರೆಕ್ಕೆಯ ಹೇನು ಕ್ಷಣಮಾತ್ರ ಚುಚ್ಚಿದರೂ ನಂಜು ಅಂಟುತ್ತದೆ, ಅಷ್ಟರೊಳಗೆ ಯಾವ ಔಷಧಿಯೂ ಅದನ್ನು ಕೊಲ್ಲದು. ರೋಗದ ಗಿಡ ಕಿತ್ತು ಹೂಳಿ, ಆ ಹೊಲದ ಬೀಜ ಇಟ್ಟುಕೊಳ್ಳಬೇಡಿ.

ರಾಸಾಯನಿಕ ಅನಿವಾರ್ಯವಾದರೆ ಹೂ ಬಿಡುವ ಮುಂಚೆ ಮಾತ್ರ, ಲೇಬಲ್ಲಿನಲ್ಲಿ ನಿಮ್ಮ ಬೆಳೆಯ ಹೆಸರು ಇದ್ದರೆ ಮಾತ್ರ. ಹೂವಿಗೆ ಜೇನು ಬರುತ್ತದೆ. ಸೊನೆಗಾಯಿ ಕೀಳಲು ಶುರುವಾದ ಮೇಲಂತೂ ಆ ಬಾಟಲಿ ಮುಟ್ಟಲೇಬೇಡಿ.