ಚೇಂಬರಿನಲ್ಲಿ ಕಚ್ಚಿಕೊಂಡ ಜೀವಂತ ಗುಂಡು: ಹಿಂದಿನಿಂದ ಎಳೆಯಿರಿ, ಮುಂದಿನಿಂದ ತಳ್ಳಬೇಡಿ

ರೈಫಲ್‌ನ ಚೇಂಬರಿನಲ್ಲಿ, ಅಂದರೆ ನಳಿಗೆಯ ಹಿಂತುದಿಯಲ್ಲಿ ಗುಂಡು ಕೂರುವ ಜಾಗದಲ್ಲಿ, ಗುಂಡು ಕಚ್ಚಿಕೊಂಡರೆ ಬಹಳಷ್ಟು ಜನರ ಕೈ ಮೊದಲು ಹೋಗುವುದು ಕ್ಲೀನಿಂಗ್ ರಾಡ್ ಕಡೆಗೆ. ನಳಿಗೆಯ ಬಾಯಿಂದ ರಾಡ್ ಇಳಿಸಿ ಎರಡು ಏಟು ಕೊಟ್ಟರೆ ಹಿಂದಕ್ಕೆ ಉದುರೀತು ಎಂಬ ಲೆಕ್ಕ. ಸಿಕ್ಕಿಕೊಂಡದ್ದು ಹಾರಿದ ಗುಂಡಿನ ಖಾಲಿ ಕೇಸ್ (ಹೊರಕವಚ) ಆದರೆ ಆ ಲೆಕ್ಕ ಸರಿಯೇ. ಮದ್ದು ತುಂಬಿದ ಗುಂಡಿಗೆ ಅದು ಸಲ್ಲದು. ಚೇಂಬರಿನ ಹಿಂಬದಿಯನ್ನು ಬೋಲ್ಟ್ ಮುಚ್ಚಿರುವಾಗ ಮುಂದಿನಿಂದ ಬಡಿದರೆ, ಕೇಸಿನ ಬುಡದಲ್ಲಿದ್ದು ಪೆಟ್ಟಿಗೆ ಕಿಡಿ ಹಾರಿಸುವ ಪ್ರೈಮರ್ ಹೋಗಿ ಬೋಲ್ಟ್‌ನ ಮುಖಕ್ಕೆ, ಅದನ್ನು ಕುಕ್ಕುವ ಫೈರಿಂಗ್ ಪಿನ್ನಿಗೆ ಒತ್ತುತ್ತದೆ, ಗುಂಡಿನ ತುದಿಯಲ್ಲಿ ಹಾರುವ ಭಾಗವಾದ ಬುಲೆಟ್ ಕೇಸಿನೊಳಕ್ಕೆ ಕುಸಿಯುತ್ತದೆ. ಬಡಿಯುವವನ ಕೈ ನಳಿಗೆಯ ಎದುರಿಗೇ ಇರುತ್ತದೆ. ಅಕಸ್ಮಾತ್ ಸಿಡಿದರೆ ರಾಡೂ ಬುಲೆಟ್ಟೂ ಒಟ್ಟಿಗೇ ಹೊರಬರುತ್ತವೆ.

ಮೊದಲ ಕೆಲಸ ಕಾಯುವುದು. ಟ್ರಿಗರ್ ಎಳೆದಾಗ ‘ಟಿಕ್’ ಅಂದಷ್ಟೇ ಆಗಿದ್ದರೆ ಮದ್ದು ತಡವಾಗಿ ಹೊತ್ತಿಕೊಳ್ಳಬಹುದು. ನಳಿಗೆಯನ್ನು ಮಣ್ಣಿನ ದಿಬ್ಬದ ಕಡೆಗೇ ಹಿಡಿದು ಕನಿಷ್ಠ 30 ಸೆಕೆಂಡ್ ಇರಿ, ಒಂದು ನಿಮಿಷ ಇದ್ದರೂ ನಷ್ಟವಿಲ್ಲ. ಸತತವಾಗಿ ಹೊಡೆದು ನಳಿಗೆ ಸುಡುವಷ್ಟು ಕಾದಿದ್ದರೆ ವಿಷಯ ಬೇರೆ. ಆಗ ಲೋಹದ ಕಾವಿಗೇ ಮದ್ದು ಹೊತ್ತಬಹುದು. ಅಮೆರಿಕದ ಸೇನೆ ಎಂ16 ರೈಫಲ್ಲಿಗೆ ಇಟ್ಟ ನಿಯಮ ಹೀಗಿದೆ: 10 ಸೆಕೆಂಡಿನೊಳಗೆ ಗುಂಡು ತೆಗೆಯಲಾದರೆ ತೆಗೆಯಿರಿ, ಆಗದಿದ್ದರೆ ಮ್ಯಾಗಝೀನ್ ಕಳಚಿ, ಸುರಕ್ಷಿತ ದಿಕ್ಕಿಗೆ ಹಿಡಿದು 15 ನಿಮಿಷ ಬಿಡಿ. ಎರಡೂ ಸಂದರ್ಭದಲ್ಲಿ ಕೇಸ್ ಹೊರಬೀಳುವ ಕಿಂಡಿಯ ಹತ್ತಿರ ಮುಖ ತರಬಾರದು. ಕಣ್ಣಿಗೆ ರಕ್ಷಣೆಯ ಕನ್ನಡಕ, ಕಿವಿಗೆ ರಕ್ಷಣೆ, ಕೈಗೆ ದಪ್ಪ ಗ್ಲೌಸ್ ಬೇಕೇ ಬೇಕು. ಮ್ಯಾಗಝೀನ್ ಕಳಚಿಟ್ಟ ಮೇಲೆಯೇ ಮುಂದಿನ ಮಾತು.

ಕೈಯಿಂದಲೇ ಬೋಲ್ಟ್ ತೆರೆದು ಮುಚ್ಚುವ ಬೋಲ್ಟ್ ಆಕ್ಷನ್ ರೈಫಲ್‌ನಲ್ಲಿ ಹಿಡಿಕೆ ಎತ್ತುವ ಚಲನೆಯಲ್ಲೇ ಗುಂಡನ್ನು ಸಡಿಲಿಸುವ ಬಲ ಅಡಗಿದೆ. ಇಳಿಜಾರಾದ ಕ್ಯಾಮ್ ಮೇಲೆ ಹಿಡಿಕೆ ಜಾರುವಾಗ ಬೋಲ್ಟ್ ಸ್ವಲ್ಪವೇ ಹಿಂದೆ ಸರಿದು ಕೇಸನ್ನು ಗೋಡೆಯಿಂದ ಬಿಡಿಸುತ್ತದೆ. ಆದ್ದರಿಂದ ಹಿಡಿಕೆ ಪೂರ್ತಿ ಮೇಲೆ ಬರುವ ಮುನ್ನ ಹಿಂದಕ್ಕೆ ಎಳೆದು ಪ್ರಯೋಜನವಿಲ್ಲ. ಅಂಗೈಯ ಬುಡದಿಂದ ಗುದ್ದಿ, ಆಗದಿದ್ದರೆ ಪ್ಲಾಸ್ಟಿಕ್ ಅಥವಾ ಹಸಿಚರ್ಮದ ಸುತ್ತಿಗೆಯಿಂದ ಹಗುರವಾಗಿ, ಹಿಡಿಕೆಯ ಬುಡದ ಹತ್ತಿರ ತಟ್ಟಿ. ಕಬ್ಬಿಣದ ಸುತ್ತಿಗೆ ಮುಟ್ಟಲೇಬೇಡಿ. ರೆಮಿಂಗ್ಟನ್ 700ರಲ್ಲಿ ಹಿಡಿಕೆಯನ್ನು ಬೋಲ್ಟ್‌ಗೆ ಬ್ರೇಝ್ ಮಾಡಿ (ಬೆಸುಗೆ ಹಾಕಿ) ಕೂಡಿಸಿರುತ್ತಾರೆ, ಜೋರಾಗಿ ಹೊಡೆದರೆ ಹಿಡಿಕೆಯೇ ಕೈಗೆ ಬರಬಹುದು. ಗುಂಡು ಹಾರದಂತೆ ತಡೆಯುವ ಸೇಫ್ಟಿಯನ್ನೂ ಗಮನಿಸಿ. ವಿಂಚೆಸ್ಟರ್ ಮಾಡೆಲ್ 70ರಂಥ ಮೂರು ಹಂತದ ಸೇಫ್ಟಿಯಲ್ಲಿ ನಡುವಿನ ಹಂತದಲ್ಲಿಟ್ಟು ಬೋಲ್ಟ್ ತೆರೆಯಬಹುದು. ಕೆಲವು ಹಳೆಯ ಎರಡು ಹಂತದವು ಬೋಲ್ಟನ್ನೇ ಬಂಧಿಸುತ್ತವೆ, ತೆರೆಯಬೇಕೆಂದರೆ ಸೇಫ್ಟಿ ಬಿಡಿಸಲೇಬೇಕು. ಆಗ ನಿಮಗೆ ಉಳಿಯುವ ಕಾವಲು ಎರಡೇ: ನಳಿಗೆಯ ದಿಕ್ಕು ಮತ್ತು ಟ್ರಿಗರ್ ಮುಟ್ಟದ ಬೆರಳು.

ಮುಂದಿನ ಗುಂಡನ್ನು ತಾನೇ ತುಂಬಿಕೊಳ್ಳುವ ಎಆರ್-15 ಮಾದರಿಯ ರೈಫಲ್ಲಿನಲ್ಲಿ ಬೋಲ್ಟ್ ಅರ್ಧ ಮುಚ್ಚಿ ನಿಂತರೆ, ಅದನ್ನು ಮುಂದಕ್ಕೆ ತಳ್ಳುವ ಗುಂಡಿಯಾದ ಫಾರ್ವರ್ಡ್ ಅಸಿಸ್ಟ್ ಗುದ್ದುವವರಿದ್ದಾರೆ. ಸುಮ್ಮನೆ ಹೋಗದ ಗುಂಡನ್ನು ಬಲವಂತವಾಗಿ ತುರುಕಿದರೆ ಬೆಣೆ ಬಡಿದಂತೆಯೇ. ಇಲ್ಲಿ ಸರಿಯಾದ ದಾರಿ ಬೋಲ್ಟ್ ಹಿಂದೆಳೆಯುವ ಚಾರ್ಜಿಂಗ್ ಹ್ಯಾಂಡಲನ್ನು ಎರಡೂ ಕಡೆಯಿಂದ ಹಿಡಿದು ಹಿಂದೆಳೆಯುತ್ತ, ಭುಜಕ್ಕೆ ಆನಿಸುವ ಸ್ಟಾಕ್‌ನ ಹಿಂಭಾಗವನ್ನು ಗಟ್ಟಿ ನೆಲಕ್ಕೆ ನೇರವಾಗಿ ಕುಟ್ಟುವುದು. ಒಳಕ್ಕೂ ಹೊರಕ್ಕೂ ಸರಿಯುವ ಸ್ಟಾಕನ್ನು ಪೂರ್ತಿ ಒಳಕ್ಕೆ ಸರಿಸಿರಬೇಕು, ಇಲ್ಲವಾದರೆ ಅದರ ಬೀಗ ಮುರಿಯುತ್ತದೆ. ನಳಿಗೆ ಮೇಲ್ಮುಖವಾಗಿರುವುದರಿಂದ ತಲೆ, ಭುಜ ಅದರ ಗೆರೆಯಿಂದ ಆಚೆಗಿರಲಿ, ಮೇಲೆ ಚಾವಣಿಯೂ ಇರಬಾರದು. ಕುಟ್ಟಿದ ಕ್ಷಣದಲ್ಲಿ ರೈಫಲ್ ನಿಲ್ಲುತ್ತದೆ, ಬೋಲ್ಟನ್ನು ಹೊತ್ತ ಬೋಲ್ಟ್ ಕ್ಯಾರಿಯರ್ ಮತ್ತು ಸಡಿಲವಾಗಿ ಆಡುವ ಫೈರಿಂಗ್ ಪಿನ್ ಎರಡೂ ಹಿಂದಕ್ಕೇ, ಅಂದರೆ ಪ್ರೈಮರ್‌ನಿಂದ ದೂರಕ್ಕೆ ನುಗ್ಗುತ್ತವೆ. ರಾಡಿನ ಏಟಿಗೂ ಇದಕ್ಕೂ ಇರುವ ವ್ಯತ್ಯಾಸವೇ ಅದು. ಎರಡು ಮೂರು ಸಲಕ್ಕೆ ಬಿಡದಿದ್ದರೆ ನಿಲ್ಲಿಸಿ. ಮರದ ಸ್ಟಾಕ್ ಇರುವ ರೈಫಲ್‌ಗೆ ಈ ಉಪಾಯ ಬೇಡ, ಹಿಡಿಯುವ ಜಾಗದಲ್ಲೇ ಸೀಳು ಬಿಡುತ್ತದೆ.

ಬೋಲ್ಟ್ ತೆರೆದುಕೊಂಡು ಗುಂಡು ಮಾತ್ರ ಒಳಗೇ ಉಳಿದರೆ ತಪ್ಪು ಬಹುತೇಕ ಕೇಸಿನ ಅಂಚನ್ನು ಹಿಡಿದೆಳೆಯುವ ಕೊಕ್ಕೆಯಾದ ಎಕ್ಸ್‌ಟ್ರ್ಯಾಕ್ಟರ್‌ನದು. ಕೊಕ್ಕೆಯಡಿ ಕರಿ ಮೆತ್ತಿರಬಹುದು, ಸ್ಪ್ರಿಂಗ್ ಸೋತಿರಬಹುದು, ಇಲ್ಲವೇ ಕೇಸಿನ ಅಂಚನ್ನು ಕೊಕ್ಕೆ ಹರಿದಿರಬಹುದು. ನಳಿಗೆ ಮೇಲೆ ಮಾಡಿ ಸ್ಟಾಕನ್ನು ಮೆಲ್ಲಗೆ ತಟ್ಟಿದರೆ ಕೆಲವೊಮ್ಮೆ ತನ್ನ ಭಾರಕ್ಕೆ ತಾನೇ ಉದುರುತ್ತದೆ. ಇಲ್ಲದಿದ್ದರೆ ಅಂಚಿನ ಸುತ್ತ ಎರಡು ಮೂರು ಹನಿ ತುಕ್ಕು ಬಿಡಿಸುವ ಎಣ್ಣೆ ಹಾಕಿ ಸ್ವಲ್ಪ ಹೊತ್ತು ಬಿಡಿ. ಎಣ್ಣೆ ತಾಗಿದ ಪ್ರೈಮರ್ ಸತ್ತಿತು ಎಂಬ ಧೈರ್ಯ ಮಾತ್ರ ಬೇಡ. ಸ್ಕ್ರೂಡ್ರೈವರ್ ತುದಿಯಿಂದ ಅಂಚನ್ನು ಮೀಟುವುದಂತೂ ಬೇಡವೇ ಬೇಡ. ಒಮ್ಮೆ ಜಾರಿದರೆ ಅದು ಹೋಗಿ ಕುಕ್ಕುವುದು ಪ್ರೈಮರನ್ನೇ. ಇಷ್ಟಕ್ಕೂ ಬರದಿದ್ದರೆ ಅದು ಬಂದೂಕು ದುರಸ್ತಿ ಮಾಡುವವರ ಕೆಲಸ. ಆದರೆ ಗುಂಡಿರುವ ರೈಫಲನ್ನು ಗಾಡಿಯಲ್ಲಿ ಹಾಕಿಕೊಂಡು ಹೋಗಬೇಡಿ, ಫೋನ್ ಮಾಡಿ ಅವರು ಹೇಳಿದಂತೆ ನಡೆಯಿರಿ.

ಗುಂಡು ಕಚ್ಚಿಕೊಳ್ಳುವ ಇನ್ನೊಂದು ಬಗೆ, ಕಾರ್ಖಾನೆಯಲ್ಲದೆ ಕೈಯಾರೆ ಮದ್ದು ತುಂಬಿ ತಯಾರಿಸಿದ ಗುಂಡುಗಳಲ್ಲಿ ಹೆಚ್ಚು. ಬುಲೆಟ್ಟನ್ನು ಉದ್ದಕ್ಕೆ ಕೂರಿಸಿದ್ದರೆ ಅದು ನಳಿಗೆಯ ತಿರುಗೆರೆಗಳಿಗೆ ಕಚ್ಚುತ್ತದೆ. ಬೋಲ್ಟ್ ಎಳೆದಾಗ ಕೇಸ್ ಬರುತ್ತದೆ, ಬುಲೆಟ್ ಅಲ್ಲೇ ನಿಲ್ಲುತ್ತದೆ, ಮದ್ದಿನ ಕಾಳು ಬೋಲ್ಟನ್ನು ಬಂಧಿಸುವ ಹಲ್ಲುಗಳಾದ ಲಗ್‌ಗಳ ಸಂದಿಗೆಲ್ಲ, ಟ್ರಿಗರ್‌ನೊಳಕ್ಕೂ ಚೆಲ್ಲುತ್ತದೆ. ಇನ್ನೊಂದು ಗುಂಡು ಹಾಕಿ ಬುಲೆಟ್ಟನ್ನು ಹೊಡೆದುಹಾಕುವ ಯೋಚನೆ ನಳಿಗೆ ಸೀಳುವ ಯೋಚನೆ. ಬೋಲ್ಟ್ ಹೊರತೆಗೆದು, ರೈಫಲನ್ನು ಬೋರಲು ಮಾಡಿ ಮದ್ದೆಲ್ಲ ಕೊಡವಿ, ಕೈಗೆ ಬಂದ ಕೇಸಿನಲ್ಲಿ ಪ್ರೈಮರ್ ಇದೆಯೇ, ಚೇಂಬರ್ ಖಾಲಿಯೇ ಎಂದು ಕಣ್ಣಾರೆ ನೋಡಿ. ಈಗ ಒಳಗಿರುವುದು ಬರೀ ಲೋಹದ ತುಂಡು. ಈಗ ರಾಡ್ ಇಳಿಸಬಹುದು, ಹಗುರ ಏಟಿಗೇ ಬರುತ್ತದೆ.

ಹೊರಬಂದ ಗುಂಡನ್ನು ಮತ್ತೆ ಹಾಕಿ ನೋಡಬೇಡಿ. ಕಸದ ಬುಟ್ಟಿಗೂ ಬೇಡ. ಬೇರೆಯಾಗಿಟ್ಟು ಗುಂಡು ಮಾರುವವರಿಗೋ ಶೂಟಿಂಗ್ ರೇಂಜಿಗೋ ಒಪ್ಪಿಸಿ. ಒಪ್ಪಿಸುವ ಮುಂಚೆ ಬೆಳಕಿಗೆ ಹಿಡಿದು ನೋಡಿ, ಕಾರಣ ಅದರ ಮೈಮೇಲೇ ಬರೆದಿರುತ್ತದೆ. ಕೇಸ್ ಬಾಯಿಯತ್ತ ಕಿರಿದಾಗುವ ಭಾಗದ, ಅಂದರೆ ಭುಜದ, ಕೆಳಗೆ ಉಂಗುರದಂತೆ ಹೊಳೆಯುವ ಪಟ್ಟಿ ಇದ್ದರೆ ಕ್ರಿಂಪ್ (ಬುಲೆಟ್ ಹಿಡಿಯಲು ಕೇಸಿನ ಬಾಯಿಯನ್ನು ಒತ್ತುವುದು) ಅತಿಯಾಗಿ ಭುಜ ಉಬ್ಬಿದೆ. ಬುಡದ ಹತ್ತಿರ ಉಜ್ಜಿದ ಗುರುತಿದ್ದರೆ ಕೇಸನ್ನು ಪೂರ್ತಿ ಸೈಜ್ ಮಾಡಿಲ್ಲ, ಅಂದರೆ ಒತ್ತಿ ಮೂಲ ಅಳತೆಗೆ ತಂದಿಲ್ಲ. ಬುಲೆಟ್ ಮೇಲೆ ಸಣ್ಣ ಚೌಕ ಗೀರುಗಳಿದ್ದರೆ ಉದ್ದ ಜಾಸ್ತಿ. ಮೈತುಂಬ ಕಪ್ಪು ಗೆರೆಗಳಿದ್ದರೆ ಚೇಂಬರೇ ಕೊಳಕು, ಬ್ರಷ್ ಹಾಕಿ ಉಜ್ಜಿ. ಎಣ್ಣೆಯನ್ನು ಒಣಬಟ್ಟೆಯಲ್ಲಿ ಪೂರ್ತಿ ತೆಗೆಯಿರಿ. ಎಣ್ಣೆ ಇದ್ದರೆ ಕೇಸ್ ಗೋಡೆಗೆ ಹಿಡಿಯದೆ ಬೋಲ್ಟ್ ಮೇಲೆ ಬೀಳುವ ಒತ್ತಡ ಏರುತ್ತದೆ. ಅದೇ ಪೆಟ್ಟಿಗೆಯ ಉಳಿದ ಗುಂಡುಗಳನ್ನು ಒಂದೊಂದಾಗಿ ಚೇಂಬರಿನ ಅಳತೆಯ ತೂತಿರುವ ಕೇಸ್ ಗೇಜಿಗೆ ಹಾಕಿ. ತಾನಾಗಿ ಇಳಿಯದ, ಇಲ್ಲವೇ ಗೇಜ್ ತಲೆಕೆಳಗೆ ಮಾಡಿದಾಗ ತಾನಾಗಿ ಬೀಳದ ಒಂದೊಂದನ್ನೂ ಪಕ್ಕಕ್ಕಿಡಿ.