ನಾಳೆ ಮರಿ ಬರುತ್ತದೆ

ನಾಳೆ ನಮ್ಮ ಮನೆಗೆ ನಾಯಿಮರಿ ಬರುತ್ತದೆ. ಬೀದಿನಾಯಿಯ ಮರಿ, ಕಂದು ಬಣ್ಣ, ಈಗಷ್ಟೇ 2 ತಿಂಗಳು ತುಂಬಿದೆ.

ಇವತ್ತು ನಾನು ನೆಲದ ಮೇಲೆ ಮಂಡಿಯೂರಿ ಮನೆಯೆಲ್ಲ ಓಡಾಡಿದೆ. ಮರಿಯ ಎತ್ತರದಿಂದ ನೋಡಿದರೆ ಮನೆಯೇ ಬೇರೆ! ಟಿವಿ ಹಿಂದೆ ಜೋತಾಡುವ ವೈರು, ಸೋಫಾ ಕೆಳಗೆ ಉರುಳಿದ ಗುಂಡಿ, ಅಪ್ಪನ ಬಿಪಿ ಮಾತ್ರೆ. ವೈರುಗಳನ್ನು ಮೇಲೆ ಕಟ್ಟಿದೆ. ಫಿನೈಲ್ ಬಾಟಲಿ ಅಟ್ಟ ಸೇರಿತು. ಅಂಗಳದ ಕಣಗಿಲೆ ನಾಯಿಗೆ ವಿಷ. ಪೂಜೆಗೆ ಹೂ ಬೇಕು ಅಂತ ಅಮ್ಮ ಹೇಳಿದ್ದರಿಂದ ಕಡಿಯಲಿಲ್ಲ, ಸುತ್ತ ಬಲೆ ಕಟ್ಟಿದೆವು. ಈರುಳ್ಳಿ, ದ್ರಾಕ್ಷಿ, ಚಾಕೊಲೇಟ್ ಕೊಡಬಾರದು ಅಂತ ಮಗಳು ಬರೆದು ಫ್ರಿಜ್‌ಗೆ ಅಂಟಿಸಿದ್ದಾಳೆ. ಪಾರ್ವೋ ಅನ್ನೋ ವೈರಸ್ ರೋಗ ಮರಿಗಳ ಜೀವಕ್ಕೇ ಅಪಾಯ; ಅದರ ಲಸಿಕೆಯ ಡೋಸ್‌ಗಳು ಮುಗಿಯುವವರೆಗೆ ಬೀದಿಗೆ ಇಳಿಸುವ ಹಾಗಿಲ್ಲ. 3 ತಿಂಗಳು ತುಂಬಿದ ಮೇಲೆ ರೇಬಿಸ್ ಚುಚ್ಚುಮದ್ದು.

ಸಂಜೆ ಅಮ್ಮ ತಮ್ಮ ಹಳೆಯ ಹತ್ತಿ ಸೀರೆ ಮಡಚಿ ಬುಟ್ಟಿಗೆ ಹಾಸಿದರು. ಮಗಳು ಹುಟ್ಟುವ ಮುಂಚೆಯೂ ಹೀಗೇ ಪೆಟ್ಟಿಗೆಯಿಂದ ಮೆತ್ತನೆಯ ಸೀರೆ ಹುಡುಕಿ ತೆಗೆದಿದ್ದರು. ಬರುವ ಜೀವ ಯಾವುದಾದರೇನು, ಕೈ ಮಾಡುವ ಕೆಲಸ ಒಂದೇ ಅಲ್ವಾ?

ಮೊದಲ ರಾತ್ರಿ ತಾಯಿಯನ್ನು ಹುಡುಕಿ ಅಳಬಹುದು. ಬುಟ್ಟಿಯನ್ನು ನನ್ನ ಹಾಸಿಗೆಯ ಪಕ್ಕದಲ್ಲೇ ಇಟ್ಟಿದ್ದೇನೆ, ಕೈ ಚಾಚಿದರೆ ಸಿಗುವಷ್ಟು ಹತ್ತಿರ.