ಮಗಳಿಗೆ ಸಂಜೆಯ ಗಣಿತ ತರಗತಿ ಬೇಕೇ?

ನಾಲ್ಕನೆಯ ತರಗತಿಯ ಮಗಳನ್ನು ಶಿರಸಿಯ ಅಬಾಕಸ್ (ಕಡ್ಡಿಗಳಲ್ಲಿ ಪೋಣಿಸಿದ ಮಣಿಗಳ ಚೌಕಟ್ಟಿನಲ್ಲಿ ಲೆಕ್ಕ ಮಾಡುವ) ತರಗತಿಗೆ ಸೇರಿಸಬೇಕೇ ಎಂದು ಮನೆಯಲ್ಲಿ ಚರ್ಚೆ ನಡೆದಿದೆ.

ಆ ಮಣಿಚೌಕಟ್ಟನ್ನು ನಾನೂ ಕೈಯಲ್ಲಿ ಹಿಡಿದು ನೋಡಿದೆ. ಜಪಾನಿ ಮಾದರಿಯಲ್ಲಿ ಪ್ರತಿ ಕಡ್ಡಿಗೆ ಮೇಲೊಂದು ಮಣಿ, ಅದರ ಬೆಲೆ 5. ಕೆಳಗೆ ನಾಲ್ಕು, ಒಂದೊಂದರ ಬೆಲೆ 1. 8ಕ್ಕೆ 7 ಕೂಡಿಸಲು ಪಕ್ಕದ ಕಡ್ಡಿಯಲ್ಲಿ 10 ಏರಿಸಿ, ಇಲ್ಲಿ 3 ತೆಗೆದರಾಯಿತು. ಸ್ಥಾನಬೆಲೆ ಬೆರಳಿಗೇ ತಿಳಿಯುತ್ತದೆ. ನಿಜಕ್ಕೂ ಸುಂದರವಾದ ಏರ್ಪಾಡು.

ಆದರೆ ಅದು ಕೊಡುವುದು ಮುಖ್ಯವಾಗಿ ವೇಗ. ನನ್ನ ಮಗಳಿಗೆ ಕೂಡುವುದು, ಕಳೆಯುವುದು ಕಷ್ಟವಲ್ಲ. ಮೂರಕ್ಕಿಂತ ನಾಲ್ಕು ದೊಡ್ಡದಾದರೆ ಮೂರನೆಯ ಒಂದು ಪಾಲಿಗಿಂತ ಕಾಲು ಪಾಲು ಏಕೆ ಚಿಕ್ಕದು ಎಂದು ಕೇಳಿ ಕೂರುತ್ತಾಳೆ. ಅಜ್ಜಿ ಒಂದು ತೆಳ್ಳೇವನ್ನು (ತೆಳುವಾದ ದೋಸೆ) ಮೂವರಿಗೆ, ಇನ್ನೊಂದನ್ನು ನಾಲ್ವರಿಗೆ ಹಂಚಿ ತೋರಿಸಿದಾಗ ಅವಳ ಮುಖ ಅರಳಿತು.

ಲೆಕ್ಕವೆಂದರೆ ಅಂಜುವ ಮಗುವಿಗೆ ನಿತ್ಯದ ಅಭ್ಯಾಸ ಧೈರ್ಯ ಕೊಡಬಹುದು, ಅದನ್ನು ಅಲ್ಲಗಳೆಯುವುದಿಲ್ಲ. ಇವಳಿಗೆ ಬೇಕಿರುವುದು ಒಗಟು, ಆಕೃತಿ, ಪ್ರಶ್ನೆ ಕೇಳಲು ಬಿಡುವು. ಮಳೆಗಾಲದಲ್ಲಿ ಕತ್ತಲಾದ ಮೇಲೆ ಬಸ್ಸಿಳಿದು ಮನೆ ಸೇರುವ ಆಯಾಸವನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಸದ್ಯಕ್ಕೆ ಶುಲ್ಕ ಕಟ್ಟುವುದಿಲ್ಲ. ಮುಂದಿನ ವಾರ ಅವಳೊಂದಿಗೆ ಹೋಗಿ ಒಂದು ತರಗತಿ ನೋಡಿ ಬರುತ್ತೇನೆ. ಮಗುವಿನ ಉತ್ತರ ತಪ್ಪಾದಾಗ ಶಿಕ್ಷಕರು ಏನು ಮಾಡುತ್ತಾರೆ ಎಂಬುದನ್ನೇ ಮುಖ್ಯವಾಗಿ ಗಮನಿಸುತ್ತೇನೆ. ಮಕ್ಕಳನ್ನು ಕಳಿಸುತ್ತಿರುವವರು ಅನುಭವ ತಿಳಿಸಿದರೆ ಉಪಕಾರವಾಗುತ್ತದೆ.